ಮರಿಗೆಯಲ್ಲಿ ನಿಲ್ಲದ ಚಿನ್ನ

ಹೊಳೆನರಸೀಪುರದ ಅಕ್ಕಸಾಲಿಗರ ಬೀದಿಯಲ್ಲಿ ಇನ್ನೂ ಒಂದು ಅಂಗಡಿಯ ಬಾಗಿಲೂ ತೆರೆದಿಲ್ಲ. ಹಾಲಿನವನ ಸೈಕಲ್ಲು ಆಗಷ್ಟೇ ಮೂಲೆ ತಿರುಗಿ ಮರೆಯಾಗಿದೆ. ಚರಂಡಿಯ ಅಂಚಿನಲ್ಲಿ ಸೆರಗನ್ನು ಸೊಂಟಕ್ಕೆ ಬಿಗಿದು ಕುಕ್ಕರಗಾಲಲ್ಲಿ ಕೂತ ಹೊನ್ನಕ್ಕ, ಅಂಗಡಿಯೊಂದರ ಮೆಟ್ಟಿಲ ಸಂದಿಯನ್ನು ಮೊಂಡು ಪೊರಕೆಯಿಂದ ಕೆದಕುತ್ತಿದ್ದಾರೆ. ಸಂದಿಯ ಕಪ್ಪು ಮಣ್ಣು ಬಾಂಡ್ಲಿಗೆ ಬೀಳುತ್ತದೆ. ಅದರೊಳಗೆ ಏನೋ ಮಿಣಕ್ಕೆನ್ನುತ್ತದೆ. ನಾವು ನೀವಾಗಿದ್ದರೆ ಅಲ್ಲೇ ಕೈ ಹಾಕುತ್ತಿದ್ದೆವು. ಹೊನ್ನಕ್ಕ ಮಾತ್ರ ಅದನ್ನು ಸಾಲ ಕೇಳಲು ಬಂದ ನೆಂಟನನ್ನು ನೋಡುವ ಹಾಗೆ ನೋಡುತ್ತಾರೆ.

“ನಗ್ತಾ ಅದೆ ನೋಡಿ ಎಂಗೆ,” ಎನ್ನುತ್ತಾರೆ. “ಕಂಡ ತಕ್ಸಣ ಇಂಗೆ ಹಲ್ಲು ಕಿರಿಯೋದು ಚಿನ್ನ ಅಲ್ಲ ಕಣಣ್ಣ. ಕಾಗೆಬಂಗಾರ. ಎದುರ್ಗೆ ಯಾರೋ ಮನೆ ಕಟ್ತಾವ್ರಲ್ಲ, ಅವ್ರ ಮರಳಿನ ಜತೆ ಬಂದಿರ್ತದೆ.”

ಆದರೂ ಬಿಡುವುದಿಲ್ಲ. ಆ ಚೂರನ್ನು ಅಂಗೈಗೆ ಹಾಕಿಕೊಂಡು ಇನ್ನೊಂದು ಕೈಯಿಂದ ನೆರಳು ಹಿಡಿಯುತ್ತಾರೆ. ಬೆಳಕು ತಪ್ಪಿದ ಕೂಡಲೇ ಹೊಳಪು ಸತ್ತುಹೋಗುತ್ತದೆ. ಉಗುರಿನಿಂದ ಕೆರೆದರೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಏಳುತ್ತದೆ. ಚಿನ್ನವಾದರೆ ನೆರಳಲ್ಲೂ ಹಳದಿ, ಬಿಸಿಲಲ್ಲೂ ಹಳದಿ. “ಹಾಳಾಗೋಗು,” ಎಂದು ಊದಿ ಮುಂದಿನ ಮೆಟ್ಟಿಲಿಗೆ ಸರಿಯುತ್ತಾರೆ.

ಹೊನ್ನಕ್ಕನ ಕಸುಬಿಗೆ ಊರಲ್ಲಿ ಒಂದು ಸರಿಯಾದ ಹೆಸರೂ ಉಳಿದಿಲ್ಲ. ಕೆಲವರು ಮಣ್ಣು ತೊಳೆಯೋಳು ಅನ್ನುತ್ತಾರೆ, ಕೆಲವರು ದೂಳಿನ ಹೊನ್ನಕ್ಕ ಅನ್ನುತ್ತಾರೆ. ಪುರಸಭೆಯವಳೆಂದು ತಿಳಿದು ‘ನಮ್ಮ ಮುಂದೆಯೂ ಗುಡಿಸಿ ಹೋಗಮ್ಮ’ ಎಂದು ಗದರುವವರೂ ಇದ್ದಾರೆ. ಅಕ್ಕಸಾಲಿಗರು ಒಡವೆಗೆ ಅರ ಹಾಕುವಾಗ, ಉಜ್ಜುವಾಗ ಕಣ್ಣಿಗೆ ಕಾಣದ ಪುಡಿ ಉದುರುತ್ತದೆ. ಅದು ಗಿರಾಕಿಗಳ ಚಪ್ಪಲಿಗೆ ಅಂಟಿಕೊಂಡು, ಕಸದಲ್ಲಿ ಸೇರಿಕೊಂಡು ಬೀದಿಗೆ ಬರುತ್ತದೆ. ಹೊಸಿಲಿನ ಒಳಗಿನ ದೂಳು ಅಂಗಡಿಯವರದು, ಹೊರಗಿನದು ಹೊನ್ನಕ್ಕನದು. ಇದಕ್ಕೆ ಕಾಗದವಿಲ್ಲ, ಪತ್ರವಿಲ್ಲ. ಅಂಗಡಿಯವರು ‘ಹೂಂ’ ಅಂದಿರುವವರೆಗೆ ಅನ್ನ. ‘ಬೇಡ’ ಅಂದ ದಿನ ಪೊರಕೆ ಕಂಕುಳಿಗೆ.

ಸೋಮವಾರ ಹಾಸನ, ಬುಧವಾರ ಚನ್ನರಾಯಪಟ್ಟಣ, ಶುಕ್ರವಾರ ಅರಕಲಗೂಡು, ಉಳಿದ ದಿನ ಸ್ವಂತ ಊರಾದ ಹೊಳೆನರಸೀಪುರ. ಮಣ್ಣು ತುಂಬಿದ ಗೋಣಿಚೀಲ ನೋಡಿ ಬಸ್ಸಿನ ಕಂಡಕ್ಟರುಗಳು ಹುಬ್ಬು ಹಾರಿಸುತ್ತಾರೆ. ಚಿನ್ನ ಇದೆ ಅಂದರೆ ನಗುತ್ತಾರೆ, ಮಣ್ಣು ಅಂದರೆ ನಂಬುವುದಿಲ್ಲ. ಹಾಸನದಲ್ಲೊಮ್ಮೆ ಪೊಲೀಸಿನವರೊಬ್ಬರು ಚೀಲವನ್ನೆಲ್ಲ ರಸ್ತೆಗೆ ಸುರುವಿಸಿ, ಬೂಟುಗಾಲಲ್ಲಿ ಕೆದಕಿ, ಏನೂ ಸಿಗದೆ, ರಸ್ತೆ ಗಲೀಜು ಮಾಡಿದ್ದಕ್ಕೆ ಬೈದು ಕಳಿಸಿದರಂತೆ.

ಮನೆಗೆ ತಂದ ಮಣ್ಣು ಹೇಮಾವತಿ ಹೊಳೆಗೆ ಹೋಗುತ್ತದೆ. ಮೊಣಕಾಲುದ್ದ ನೀರಿನಲ್ಲಿ ನಿಂತು, ಹಲಸಿನ ಮರದಲ್ಲಿ ಕೆತ್ತಿದ ಅಗಲವಾದ ಮರಿಗೆಗೆ ಮಣ್ಣು ಹಾಕಿ, ನೀರು ತುಂಬಿ, ಸೊಂಟದಿಂದ ತೂಗುತ್ತಾ ತಿರುಗಿಸಬೇಕು. ಹಗುರವಾದದ್ದೆಲ್ಲ ಅಂಚು ದಾಟಿ ಹರಿದುಹೋಗುತ್ತದೆ, ಭಾರವಾದದ್ದು ತಳಕ್ಕೆ ಇಳಿದು ಕೂರುತ್ತದೆ. ಮರಿಗೆ ತಾಯಿ ಮಾರಮ್ಮನ ಕಾಲದ್ದು. ಗಂಡ ತೀರಿಕೊಂಡ ಮೇಲೆ ಹೊನ್ನಕ್ಕ ಮಗಳನ್ನು ಕಟ್ಟಿಕೊಂಡು ತವರಿಗೆ ಬಂದಾಗ ಮಾರಮ್ಮ ಕಣ್ಣೀರು ಒರೆಸಲಿಲ್ಲ, ಸಮಾಧಾನ ಹೇಳಲಿಲ್ಲ, ಮರಿಗೆಯನ್ನು ಕೈಗೆ ಕೊಟ್ಟರು. “ಮೇಲೆ ಬಂದದ್ದು ಹೊಳೇದು, ತಳದಾಗೆ ಕುಂತದ್ದು ನಮ್ದು. ಬೇರೆ ಏನೂ ಹೇಳಿಕೊಡ್ನಿಲ್ಲ ನಮ್ಮವ್ವ,” ಎನ್ನುತ್ತಾರೆ ಹೊನ್ನಕ್ಕ. ದಿನವಿಡೀ ತೊಳೆದರೆ ಕೊನೆಗೆ ಉಳಿಯುವುದು ಅರ್ಧ ಸಾಸಿವೆಯಷ್ಟು. ಎಷ್ಟೋ ದಿನ ಅದೂ ಇಲ್ಲ. ಅಷ್ಟರಲ್ಲೇ ಮಗಳನ್ನು ಓದಿಸಿ, ಅರಕಲಗೂಡಿಗೆ ಮದುವೆ ಮಾಡಿ ಕೊಟ್ಟಿದ್ದಾರೆ.

ಅನುಮಾನವೇ ಈ ಕೆಲಸದ ಬಂಡವಾಳ. ಬೀದಿಗೆ ಹೊನ್ನಕ್ಕನ ಮೇಲೆ ಅನುಮಾನ, ಹೊನ್ನಕ್ಕನಿಗೆ ಮಣ್ಣಿನ ಮೇಲೆ ಅನುಮಾನ. ಅಕ್ಕಸಾಲಿ ಮಂಜುನಾಥಾಚಾರ್ರು ಬಾಗಿಲು ತೆಗೆಯುತ್ತಾ ಅದನ್ನೇ ಬೇರೆ ಥರ ಹೇಳುತ್ತಾರೆ. “ನಂಬಿಕಸ್ತೆ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ತಂದೆ ಕಾಲದಿಂದ ನೋಡಿದ್ದೀನಿ. ಆದರೆ ಇವಳು ಮೆಟ್ಟಿಲ ಮೇಲೆ ಕೂತಿರೋ ಹೊತ್ತಲ್ಲಿ ನಾನು ಒಳಗೆ ಕಾಫಿಗೆ ಹೋಗಲ್ಲ.” ಇದನ್ನು ಹೊನ್ನಕ್ಕನ ಎದುರೇ ಹೇಳುತ್ತಾರೆ. ಹೊನ್ನಕ್ಕ ಕೂಡ ಬೇಜಾರು ಮಾಡಿಕೊಳ್ಳದೆ ತಲೆಯಾಡಿಸುತ್ತಾರೆ.

ಈಚೆಗಂತೂ ತಲೆನೋವು ಹೆಚ್ಚಾಗಿದೆ. ಮೊದಲು ಕಾಗೆಬಂಗಾರವೊಂದೇ ಶತ್ರು, ಹೆಚ್ಚೆಂದರೆ ಹಿತ್ತಾಳೆಯ ಪುಡಿ. ಈಗ ಸೀರೆಯಿಂದ ಉದುರಿದ ಚಮಕಿ, ಗ್ರೀಟಿಂಗ್ ಕಾರ್ಡಿನ ಮಿಂಚಿನ ಪುಡಿ, ಗಣಪತಿ ಕಿರೀಟದ ಬಣ್ಣ, ಚಾಕಲೇಟಿನ ಕಾಗದ, ಚೂಡಿದಾರದ ಗುಂಡಿ, ಎಲ್ಲವೂ ಚಿನ್ನದ ವೇಷದಲ್ಲೇ ಚರಂಡಿಗೆ ಬರುತ್ತವೆ. “ಮೊದ್ಲು ಒಬ್ಬ ಕಳ್ಳ ಇದ್ದ. ಈಗ ಊರಿಗೂರೇ ಕಳ್ರು. ಯಾವುದ್ನ ನಂಬೋದು ಹೇಳಿ?” ಎಂದು ನಗುತ್ತಾರೆ.

ಇಂಥ ಹೊನ್ನಕ್ಕನೂ ಒಮ್ಮೆ ಮೋಸ ಹೋಗಿದ್ದಾರೆ. ಅದೂ ಎಂಥ ಮೋಸ ಅಂತೀರಿ! ಈಗ್ಗೆ ಹತ್ತು ವರ್ಷದ ಹಿಂದಿನ ಮಾತು. ಯಾವ ಊರು ಎಂದರೆ ಹೇಳುವುದಿಲ್ಲ. “ನಾಕೂರಲ್ಲಿ ಒಂದೂರು ಅಂತ ಬರ್ಕಳಿ. ದೇವಸ್ಥಾನದ ಹಿಂದ್ಗಡೆ ಬೀದಿ ಅಂತ್ಲೂ ಬರ್ಕಳಿ, ದೇವಸ್ಥಾನ ಎಲ್ಲಾ ಊರಲ್ಲೂ ಅವೆ.” ಆ ಮೋಸ ನಡೆದ ಮನೆಯ ಸೊಸೆ ಹೋದ ವರ್ಷ ‘ಊರು, ಹೆಸರು ಬಿಟ್ಟು ಹೇಳಿಕೊಳ್ಳಿ’ ಅಂದಿದ್ದಾರಂತೆ. ಅದಕ್ಕೇ ಈಗ ಹೊನ್ನಕ್ಕ ಬಾಯಿ ಬಿಡುತ್ತಿರುವುದು.

ಹಳೆಯ ಮನೆತನ. ಯಜಮಾನರು ಮೇಷ್ಟ್ರಾಗಿದ್ದು ಕಾಯಿಲೆ ಬಿದ್ದು ಹಾಸಿಗೆ ಹಿಡಿದಿದ್ದರು. ಅವರ ಹೆಂಡತಿಯನ್ನು ಬೀದಿಯವರೆಲ್ಲ ದೊಡ್ಡಮ್ಮ ಅನ್ನುತ್ತಿದ್ದರು. ಒಬ್ಬನೇ ಮಗ, ಬ್ಯಾಂಕಿನಲ್ಲಿ ಕೆಲಸ. ಹೊಸದಾಗಿ ಬಂದ ಸೊಸೆ ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಟ್ಟೆ ಹಿಂಡುವಾಗ ಮಾಂಗಲ್ಯದ ಕರಿಮಣಿ ಸರ ಕಿತ್ತುಹೋಯಿತು. ತಾಳಿ ಸಿಕ್ಕಿತು, ಮಣಿಗಳನ್ನು ಹೆಕ್ಕಿದ್ದಾಯಿತು, ಒಂದು ಚಿನ್ನದ ಗುಂಡು ಮಾತ್ರ ಬಚ್ಚಲ ತೂಬಿನಲ್ಲಿ ಉರುಳಿಹೋಯಿತು. ಬೀದಿಯಲ್ಲಿ ಗುಡಿಸುತ್ತಿದ್ದ ಹೊನ್ನಕ್ಕನನ್ನು ಕಂಡು ಹುಡುಗಿ ಅಳುತ್ತಾ ಓಡಿಬಂದಳು. “ಹೇಗಾದ್ರೂ ಹುಡುಕಿಕೊಡಿ, ಮಾಂಗಲ್ಯದ್ದು” ಎಂದು ಕೈ ಹಿಡಿದುಕೊಂಡಳು.

ಬಾಗಿಲಿಗೆ ಬಂದ ದೊಡ್ಡಮ್ಮ, “ಹೋಗ್ಲಿ ಬಿಡೇ, ಒಂದು ಗುಂಡು ತಾನೆ. ಇರೋದನ್ನ ಪೋಣಿಸಿಕೊಂಡರಾಯ್ತು” ಅಂದರು.

ಹೊನ್ನಕ್ಕನ ಕಿವಿ ನಿಮಿರಿದ್ದು ಆಗಲೇ. “ಚಿನ್ನ ಕಳಕಂಡೋರು ಓಗ್ಲಿ ಬುಡು ಅಂದದ್ದು ನೀವು ಎಲ್ಲಾರ ಕೇಳಿದ್ದೀರಾ ಅಣ್ಣ? ನಾ ಕೇಳಿಲ್ಲ. ದೊಡ್ಡ ಮನಸಿನೋರು ಅಂದ್ಕಂಡೆ. ಆದ್ರೂ ಒಳಗೆ ಚುರುಕ್ ಅಂತು.”

ಮಗನಿಗೆ ಅಷ್ಟು ದೊಡ್ಡ ಮನಸ್ಸಿರಲಿಲ್ಲ. ಹುಡುಕಲಿ, ಆದರೆ ಮಣ್ಣು ಮನೆಯಾಚೆ ಹೋಗಕೂಡದು, ಹಿತ್ತಲಲ್ಲೇ ತೊಳೆಯಬೇಕು ಎಂದು ಕಟ್ಟು ಮಾಡಿ, ರಜೆ ಹಾಕಿ ಎದುರಿಗೇ ಕೂತರು. ಬಚ್ಚಲ ತೂಬಿನಿಂದ ಬೀದಿಯ ಚರಂಡಿಯವರೆಗಿನ ಕೆಸರನ್ನೆಲ್ಲ ಹೊನ್ನಕ್ಕ ಬಾಚಿ ತಂದರು. ನೋಡಲು ಅಕ್ಕಪಕ್ಕದವರೂ ಸೇರಿದರು. ಮರಿಗೆಯ ಮೇಲೆ ಮರಿಗೆ ತೊಳೆದರು. ಮೇಲಿನ ಕಸ ಬಾಳೆಗಿಡದ ಬುಡದ ಗುಂಡಿಗೆ ಹರಿಯುತ್ತಾ ಹೋಯಿತು, ಹೊನ್ನಕ್ಕನ ಕಣ್ಣು ತಳದಿಂದ ಕದಲಲಿಲ್ಲ. ಮೂಗುಬೊಟ್ಟಿನ ತಿರುಪು ಸಿಕ್ಕಿತು, ಸವೆದ ಹಳೆಯ ಕಾಸು ಸಿಕ್ಕಿತು, ಕಾಗೆಬಂಗಾರ ಬೇಕಾದಷ್ಟು ಸಿಕ್ಕಿತು. ಗುಂಡು ಮಾತ್ರ ಇಲ್ಲ.

“ಎಲ್ಲಿಟ್ಟೆ?” ಅಂದರು ಮಗ.

“ಇಟ್ಟಿಲ್ಲ ಸಾ. ಇದ್ರಾಗೆ ಚಿನ್ನ ಇಲ್ಲ. ಇದ್ದಿದ್ರೆ ತಳದಾಗೆ ಕುಂತಿರೋದು.”

“ತೂಬಿಗೆ ಬಿದ್ದಿದ್ದು ನನ್ನ ಹೆಂಡತಿ ಕಣ್ಣಾರೆ ನೋಡಿದ್ದಾಳೆ. ತೂಬಿನ ಕೆಸರು ಮುಟ್ಟಿದವಳು ನೀನೊಬ್ಬಳೇ.”

ನೆರೆಯ ಹೆಂಗಸರು ಹೊನ್ನಕ್ಕನನ್ನು ಸೌದೆ ಮನೆಗೆ ಕರೆದುಕೊಂಡು ಹೋದರು. ತುರುಬು ಬಿಚ್ಚಿಸಿದರು. ಸೀರೆ ಕೊಡವಿಸಿದರು. ಬಾಯಿ ಮುಕ್ಕಳಿಸಿ ಉಗಿಸಿ, ಉಗಿದದ್ದನ್ನೂ ಕಡ್ಡಿಯಿಂದ ಕೆದಕಿ ನೋಡಿದರು. ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದರು. ತಡೆಯಲಿಲ್ಲ. ಕೊನೆಗೆ ಮಗ ಮರಿಗೆಯನ್ನು ಕಿತ್ತಿಟ್ಟುಕೊಂಡು, “ಗುಂಡು ತಂದುಕೊಡು, ಇದನ್ನ ತಗೊಂಡು ಹೋಗು” ಎಂದು ಹಿತ್ತಲ ಬಾಗಿಲು ಹಾಕಿಕೊಂಡರು.

ಆ ಸುದ್ದಿ ಹೊನ್ನಕ್ಕನಿಗಿಂತ ಮೊದಲೇ ಬಸ್ಸು ಹತ್ತಿತ್ತು. ಅಕ್ಕಸಾಲಿಗರೆಲ್ಲ ಒಬ್ಬರಿಗೊಬ್ಬರು ಬೀಗರು, ನೆಂಟರು. ಮಾರನೆಯ ದಿನವೇ ಇಬ್ಬರು ಅಂಗಡಿಯವರು ‘ಸ್ವಲ್ಪ ದಿನ ಈ ಕಡೆ ಬರಬೇಡಮ್ಮ’ ಅಂದರು. ಒಂದೂರಿನಲ್ಲಿ ಕಳ್ಳಿ ಅನ್ನಿಸಿಕೊಂಡರೆ ನಾಲ್ಕೂರಿನ ಮೆಟ್ಟಿಲೂ ಮುಚ್ಚಿದ ಹಾಗೆಯೇ. ಮಗಳು ಆಗ ಇನ್ನೂ ಹೈಸ್ಕೂಲು. “ಹಸಿವಿಗೆ ನಾ ಎದರ್ಕಂಡೋಳಲ್ಲ. ಕಳ್ಳಿ ಮಗಳು ಅಂತ ಇಸ್ಕೂಲಲ್ಲಿ ಅಂದ್ರೆ ಆ ಕೂಸು ಎಂಗೆ ತಲೆ ಎತ್ತಾದು? ಅದೊಂದೇ ಸಂಕಟ,” ಎನ್ನುತ್ತಾರೆ ಹೊನ್ನಕ್ಕ.

ಅದರ ಮರುದಿನ ಬೆಳಕು ಹರಿಯುವ ಹೊತ್ತಿಗೆ, ಕಾಲು ಹಿಡಿದಾದರೂ ಮರಿಗೆ ಬಿಡಿಸಿಕೊಳ್ಳೋಣ ಎಂದು ಆ ಮನೆಯ ಹಿತ್ತಲಿಗೆ ಹೋದರು. ದೊಡ್ಡಮ್ಮ ಒದ್ದೆಸೀರೆ ಉಟ್ಟು ಮಡಿಯಲ್ಲಿ ಬಾವಿಯಿಂದ ನೀರು ಸೇದುತ್ತಿದ್ದರು. ಮರಿಗೆ ಬಾಳೆಗಿಡಕ್ಕೆ ಒರಗಿತ್ತು. ಪಕ್ಕದ ಗುಂಡಿಯಲ್ಲಿ ಬಚ್ಚಲ ನೀರು ನಿಂತಿತ್ತು. ಸೋಪಿನ ನೊರೆಯ ನಡುವೆ, ತರಗೆಲೆಯ ಪಕ್ಕ, ಹಳದಿ ಗುಂಡೊಂದು ತೇಲುತ್ತಿತ್ತು.

“ಮೊದ್ಲು ಜೀವ ಬಂದಂಗಾಯ್ತು. ಸಿಕ್ತಲ್ಲಪ್ಪಾ ಅಂತ ಕೈ ಆಕ್ಬುಟ್ಟೆ. ಎತ್ಕಂಡ್ಮೇಲೆ ಅನ್ನುಸ್ತು, ಅಯ್ಯೋ ಶಿವನೆ, ಚಿನ್ನ ತೇಲ್ತದಾ?”

ಕಚ್ಚಿ ನೋಡಿದರು. ಟೊಳ್ಳು ಪ್ಲಾಸ್ಟಿಕ್ಕು, ಮೇಲೆ ಚಿನ್ನದ ಬಣ್ಣ. ಅಸಲಿ ಗುಂಡೂ ತೆಳು ತಗಡಿನೊಳಗೆ ಅರಗು ತುಂಬಿ ಮಾಡಿದ್ದೇ, ಹಾಗಾಗಿ ಕೈಗೆ ವ್ಯತ್ಯಾಸ ತಿಳಿಯುವುದಿಲ್ಲ, ಕಣ್ಣಿಗಂತೂ ಇಲ್ಲವೇ ಇಲ್ಲ. ಇಡೀ ದಿನ ತಳವನ್ನೇ ನೋಡುತ್ತಾ, ಹುಡುಕುತ್ತಿದ್ದ ಗುಂಡನ್ನು ತಾವೇ ಕಸದ ಜೊತೆ ಅಂಚು ದಾಟಿಸಿ ಚೆಲ್ಲಿದ್ದರು. ಮಾರಮ್ಮ ಕಲಿಸಿದ ಪಾಠದಲ್ಲಿ ತಪ್ಪಿರಲಿಲ್ಲ. ಗುಂಡು ಚಿನ್ನದ್ದೇ ಎಂದು ನಂಬಿದ್ದು ತಪ್ಪಾಗಿತ್ತು.

“ಅಮ್ಮಾವ್ರೆ, ಗುಂಡು ಸಿಕ್ತು,” ಅಂದರು.

ದೊಡ್ಡಮ್ಮ ತಿರುಗಿದರು. ಎಲ್ಲಿ ಸಿಕ್ಕಿತು ಎಂದು ಕೇಳಲಿಲ್ಲ. “ಯಾರಾದ್ರೂ ನೋಡಿದ್ರೇನೆ?” ಎಂದು ಕೇಳಿದರು.

ಹೊನ್ನಕ್ಕನ ಮೈಯೆಲ್ಲ ಉರಿದುಹೋಯಿತು. “ಬನ್ರಪ್ಪಾ ಬನ್ನಿ, ಇವ್ರ ಮನೆ ಚಿನ್ನ ತೇಲ್ತದೆ ನೋಡ್ಬನ್ನಿ ಅಂತ ಕೂಗ್ಬುಡೋಣ ಅನ್ನುಸ್ತು ಕಣಣ್ಣ. ಬಾಯಿವರ್ಗೂ ಬಂದಿತ್ತು. ಅದುಮ್ಕಂಡು ಒಂದೇ ಮಾತು ಕೇಳ್ದೆ. ನನ್ನ ತುರುಬು ಬಿಚ್ಚುಸ್ದಾಗ ನಿಮ್ಗೆ ಗೊತ್ತಿತ್ತಾ ಅಮ್ಮಾವ್ರೆ? ಅಂದೆ.”

“ಗೊತ್ತಿತ್ತು ಕಣೆ,” ಅಂದರು ದೊಡ್ಡಮ್ಮ. ಕೊಡ ಕೆಳಗಿಟ್ಟು ಬಾವಿಕಟ್ಟೆಯ ಮೇಲೆ ಕುಸಿದರು. ಸೊಸೆಗೆಂದು ಎತ್ತಿಟ್ಟಿದ್ದ ಚಿನ್ನವೆಲ್ಲ ಯಜಮಾನರ ಆಸ್ಪತ್ರೆಗೆ ಕರಗಿತ್ತು. ಮಗನಿಗೂ ಹೇಳಿರಲಿಲ್ಲ, ಹೇಳಿದ್ದರೆ ಮದುವೆಯನ್ನೇ ಮುಂದೂಡುತ್ತಿದ್ದ. ಮುಹೂರ್ತ ಹತ್ತಿರ ಬಂದಾಗ ತಾಳಿ ಒಂದನ್ನು ಅಸಲಿ ಮಾಡಿಸಿ, ಗುಂಡುಗಳನ್ನು ಮೈಸೂರಿನ ಫ್ಯಾನ್ಸಿ ಅಂಗಡಿಯಿಂದ ತಂದು ತಾವೇ ಪೋಣಿಸಿದ್ದರು. ಒಂದೊಂದಾಗಿ ಬದಲಾಯಿಸೋಣ ಅಂದುಕೊಂಡಿದ್ದು ಆಗಿರಲಿಲ್ಲ.

ಆದರೆ ಹೊನ್ನಕ್ಕ ಕರಗಿ ನೀರಾಗಲಿಲ್ಲ. “ನಿಮ್ಮನೆ ಮಾನ ನಿಮ್ದು, ನಾ ಕಳೆಯಾಕಿಲ್ಲ. ನನ್ನ ಮಾನ ನಂಗೆ ಕೊಟ್ಬುಡಿ,” ಅಂದರು. “ಇದ್ನ ತಂದುಕೊಟ್ರೆ ನಿಮ್ಮ ಮಗ ಮೊದ್ಲು ಒರೆಗಲ್ಲಿಗೆ ಉಜ್ಜುಸ್ತಾನೆ. ಹೊನ್ನಕ್ಕ ಅಸಲಿ ನುಂಗಿ ನಕಲಿ ಕೊಟ್ಲು ಅಂತಾನೆ. ಆಗ ನಾ ಹೊಳೆಗೇ ಬೀಳ್ಬೇಕು.”

ಒಳಗಡೆ ಯಜಮಾನರು ಕೆಮ್ಮುತ್ತಿದ್ದರು. ದೊಡ್ಡಮ್ಮ ತಮ್ಮ ಕೊರಳಿಗೆ ಕೈ ಹಾಕಿದರು. ಗಂಡ ಹಾಸಿಗೆ ಹಿಡಿದಿರುವಾಗ ಮಾಂಗಲ್ಯದ ದಾರಕ್ಕೆ ಯಾವ ಮುತ್ತೈದೆ ಕೈ ಹಚ್ಚುತ್ತಾಳೆ? ದೊಡ್ಡಮ್ಮ ಕಣ್ಣು ಮುಚ್ಚಿಕೊಂಡು ಗಂಟು ಬಿಚ್ಚಿದರು, ಒಂದು ಗುಂಡು ಜಾರಿಸಿ ತೆಗೆದರು, ಉಸಿರು ಬಿಡುವುದರೊಳಗೆ ಮತ್ತೆ ಗಂಟು ಹಾಕಿಕೊಂಡರು. ಹೊನ್ನಕ್ಕ ಹಿಂದೆ ಸರಿದು, ಬಟ್ಟೆ ಒಗೆಯುವ ಕಲ್ಲಿನ ಮೇಲಿಡಿ, ನೀವು ಮಡಿಯಲ್ಲಿದ್ದೀರಿ ಅಂದರು. “ಸುಡು ಮಡಿ,” ಅಂದ ದೊಡ್ಡಮ್ಮ ಹತ್ತಿರ ಬಂದು, ಕೆಸರು ಮೆತ್ತಿದ ಆ ಅಂಗೈಯಲ್ಲಿ ಗುಂಡನ್ನಿಟ್ಟು, ತಮ್ಮ ಎರಡೂ ಕೈಯಿಂದ ಮುಚ್ಚಿ ಹಿಡಿದುಕೊಂಡರು. ನಕಲಿ ಗುಂಡನ್ನು ಹೊನ್ನಕ್ಕ ಅದೇ ಕಲ್ಲಿನ ಮೇಲೆ ಜಜ್ಜಿ ಒಲೆಗೆ ಹಾಕಿಸಿದರು.

ಬಿಸಿಲೇರಿದ ಮೇಲೆ ಹೊನ್ನಕ್ಕ ಬೀದಿಬಾಗಿಲಿಗೆ ಬಂದು, ಇನ್ನೊಂದು ಸಲ ತೊಳೆದು ನೋಡುತ್ತೇನೆ, ಎಲ್ಲರೂ ಬನ್ನಿ ಎಂದು ಕೂಗಿದರು. ಮಗ, ಸೊಸೆ, ಸೌದೆ ಮನೆಯಲ್ಲಿ ತುರುಬು ಬಿಚ್ಚಿಸಿದ ಹೆಂಗಸರು, ಎಲ್ಲ ಬಂದರು. ಬಾಳೆಗುಂಡಿಯ ಕೆಸರು ಮರಿಗೆಗೆ ಬಿತ್ತು, ತಿರುಗಿತು. ಕೆಸರು ಹರಿದುಹೋದ ಮೇಲೆ ತಳದಲ್ಲಿ ಗುಂಡು ಕೂತಿತ್ತು. “ನನ್ನ ಜೀವಮಾನದಾಗೆ ನಾ ಮಾಡಿದ್ದು ಅದೊಂದೇ ಸುಳ್ಳು ತೊಳೆತ,” ಎನ್ನುತ್ತಾರೆ. ಮಗ ಅದನ್ನು ಸೀದಾ ಅಕ್ಕಸಾಲಿಯ ಬಳಿ ಒಯ್ದರು, ಒರೆಗೆ ಹಚ್ಚಿಸಿದರು, ಅಪ್ಪಟ ಎಂದು ಖಾತ್ರಿಯಾದ ಮೇಲೆ ಬಂದು, “ಮೊದಲೇ ಸರಿಯಾಗಿ ನೋಡಬೇಕಿತ್ತು ನೀನು” ಅಂದರು. ಕ್ಷಮೆ ಕೇಳಿದ್ದು ಅಷ್ಟೇ. ಆದರೆ ಒರೆಗೆ ಹಚ್ಚಿದ ಅಕ್ಕಸಾಲಿಯ ಬಾಯಿಂದ ಸುದ್ದಿ ಮತ್ತೆ ಬಸ್ಸು ಹತ್ತಿತು, ನಾಲ್ಕೂರಿನ ಮೆಟ್ಟಿಲುಗಳೂ ತೆರೆದವು. ಈಗ ಚರಂಡಿಗೆ ಒಡವೆ ಬಿದ್ದರೆ ಜನ ಮೊದಲು ಹುಡುಕುವುದು ಹೊನ್ನಕ್ಕನನ್ನೇ.

ಯಜಮಾನರು ಅದೇ ವರ್ಷ ತೀರಿಕೊಂಡರು. ಮಾಂಗಲ್ಯ ಬಿಚ್ಚಿದ್ದಕ್ಕೇ ಹೀಗಾಯಿತು ಎಂದು ದೊಡ್ಡಮ್ಮ ಕೊರಗಿರಬಹುದೆಂದು ಹೊನ್ನಕ್ಕನಿಗೆ ಈಗಲೂ ಸಂಕಟ. ಕೇಳುವ ಧೈರ್ಯ ಯಾವತ್ತೂ ಬರಲಿಲ್ಲ. ಹೋದ ವರ್ಷ ದೊಡ್ಡಮ್ಮನೂ ಹೋದರು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಸೊಸೆ ಹೇಳಿ ಕಳಿಸಿದರು. ಹಿತ್ತಲಿಗಲ್ಲ, ನಡುಮನೆಗೆ. ಚಾಪೆ ಹಾಸಿ ಕೂರಿಸಿ, ತಮ್ಮ ಕರಿಮಣಿ ಸರವನ್ನು ಸೆರಗಿನಿಂದ ಹೊರಗೆ ತೆಗೆದು ತೋರಿಸಿದರು. ವರ್ಷಗಟ್ಟಲೆ ಸೋಪು, ಬೆವರು ಬಿದ್ದು ಗುಂಡುಗಳ ಬಣ್ಣವೆಲ್ಲ ಹೋಗಿತ್ತು, ಬೆಂದ ಅಕ್ಕಿಯ ಹಾಗೆ ಬೆಳ್ಳಗಾಗಿದ್ದವು. ಒಂದು ಮಾತ್ರ ಹಳದಿ.

“ಮದುವೆಯಾದ ಎರಡನೇ ವರ್ಷವೇ ಗೊತ್ತಾಯ್ತು ಹೊನ್ನಕ್ಕ,” ಅಂದರಂತೆ ಸೊಸೆ. “ಅತ್ತೆ ಬಿಚ್ಚಿಟ್ಟ ಸರದಲ್ಲಿ ಒಂದು ಕಮ್ಮಿಯಾಗಿದ್ದನ್ನೂ ಕಂಡೆ. ಆವತ್ತು ನಿಮಗೆ ಏನಾಯಿತು ಅಂತ ಆಗ ಅರ್ಥವಾಯಿತು. ಅತ್ತೇನ ಏನಂತ ಕೇಳಲಿ? ಇವರಿಗೂ ಈಗಷ್ಟೇ ಹೇಳಿದ್ದೀನಿ.” ಮಗ ಬಾಗಿಲಲ್ಲಿ ನಿಂತಿದ್ದರು. ತಲೆ ಎತ್ತಲಿಲ್ಲ.

ಆಮೇಲೆ ಸೊಸೆ ಒಂದು ಬಟ್ಟೆಯ ಗಂಟು ಬಿಚ್ಚಿದರು. ಯಜಮಾನರು ಹೋದಾಗ ದೊಡ್ಡಮ್ಮ ಬಿಚ್ಚಿಟ್ಟ ಸರದಲ್ಲಿ ಉಳಿದಿದ್ದ ಗುಂಡುಗಳು, ಅಲ್ಲಿಂದೀಚೆಗೆ ಸೋಪು, ಬೆವರು ಕಾಣದವು. ಬೆಳ್ಳಗಾದವನ್ನು ತೆಗೆದು ಇವನ್ನು ಪೋಣಿಸಿಕೊಳ್ಳಬೇಕು ಅಂತ ಆಸೆ. ಆದರೂ ಮನಸ್ಸಿನ ಮೂಲೆಯಲ್ಲೊಂದು ಅಳುಕು, ಮಾವನವರ ಕಾಯಿಲೆಗೆ ಇವೂ ಹೋಗಿ, ಅತ್ತೆ ತಮಗೂ ಅಂಥವನ್ನೇ ಪೋಣಿಸಿಕೊಂಡಿದ್ದರೋ ಏನೋ. ಒಂದು ಬಟ್ಟಲು ನೀರು ತಂದು ಹೊನ್ನಕ್ಕನ ಮುಂದಿಟ್ಟು, “ನೀವೇ ಒಂದು ಸಲ ನೋಡಿಬಿಡಿ” ಅಂದರು.

ದಿನಬೆಳಗಾದರೆ ಊರಿನ ಹೊಳಪನ್ನೆಲ್ಲ ನೆರಳಿಗೆ ಹಿಡಿದು, ಉಗುರಿಗೆ ಕೆರೆದು, ಹಲ್ಲಿಗೆ ಕಚ್ಚಿ ನೋಡುವ ಹೊನ್ನಕ್ಕ ಗುಂಡುಗಳನ್ನು ಅಂಗೈಗೆ ಹಾಕಿಕೊಂಡರು. ಹಾಗೇ ಸೊಸೆಯ ಕೈಗೆ ಸುರಿದರು.

“ಹಾಕ್ಕಳವ್ವ ಅಂದೆ. ನೀರಿಗೆ ಬುಡ್ನಿಲ್ಲ.”

ಅವೂ ತೇಲುವಂಥವೇ ಆಗಿದ್ದರೆ?

ಹೊನ್ನಕ್ಕ ಪೊರಕೆಯನ್ನು ನೆಲಕ್ಕೆ ಕುಟ್ಟಿ ಎದ್ದು ನಿಲ್ಲುತ್ತಾರೆ. ಬೀದಿಯಲ್ಲಿ ಅಂಗಡಿಗಳ ಬಾಗಿಲು ಒಂದೊಂದಾಗಿ ತೆರೆಯುತ್ತಿವೆ.

“ತೇಲಿದ್ರೆ ತೇಲ್ಲಿ ಬುಡಿ ಅಣ್ಣ. ಆವತ್ತು ಆಯಮ್ಮ ಗಂಡ ಬದುಕಿದ್ದಾಗ್ಲೇ ಕೊರಳ್ಗೆ ಕೈ ಆಕಿ ಬಿಚ್ಕೊಟ್ಟಿದ್ದು ನಂಗೋಸ್ಕರ. ಅದ್ರ ಮೇಲೂ ನಾ ಅನುಮಾನ ಪಟ್ರೆ, ನನ್ನ ತುರುಬು ಬಿಚ್ಚುಸ್ದೋರ್ಗೂ ನಂಗೂ ಏನು ವ್ಯತ್ಯಾಸ?”